ಕೆಂಪು ಗರಿಯ ಖರ್ಜೂರದ ಮರ

ಮೈದಾನ್ ಹವಲ್ಲಿ, ಕುವೈತ್
ಫೆಬ್ರವರಿ 8

ಶ್ರಾವಣಿಯ ಅಪ್ಪನಿಗೆ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಬಾಟಲಿ ಕಿಟಕಿಯಲ್ಲೇ ಕೂತಿದೆಯೋ? ನಾನು ಬರುವವರೆಗೆ ಮೈಸೂರಿನ ಹೋಟೆಲುಗಳನ್ನೆಲ್ಲ ಉದ್ಧಾರ ಮಾಡಬೇಡಿ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಪುಟ್ಟ ಫ್ಲ್ಯಾಟಿನಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಅದಕ್ಕೇ ಊರಿಗೆ ಹೊರಟಿರುವ ಪಕ್ಕದ ಮನೆಯ ಧನಂಜಯನ ಕೈಯಲ್ಲಿ ಈ ಕಾಗದ.

ಮೊನ್ನೆ ಮೊಮ್ಮಗ ಪ್ರಣೀತನ ಶಾಲೆಯಲ್ಲಿ ಚಿತ್ರಪ್ರದರ್ಶನವಿತ್ತು. ನೂರು ವರ್ಷದ ಹಿಂದೆ ಅಮೆರಿಕದ ಕೆಲವು ಕಲಾವಿದರು ಗುಡ್ಡ, ಮರ, ಕಡಲಿಗೆ ಕಣ್ಣಿಗೆ ಕಂಡ ಬಣ್ಣ ಬಿಟ್ಟು ಮನಸ್ಸಿಗೆ ಬಂದ ಬಣ್ಣ ಬಳಿದರಂತೆ. ಅವರ ಚಿತ್ರಗಳ ದೊಡ್ಡ ಪ್ರತಿಗಳನ್ನು ಗೋಡೆಗೆ ಹಾಕಿದ್ದರು. ಗುಡ್ಡಕ್ಕೆ ಕುಂಕುಮ ಎರಚಿದ ಹಾಗೆ, ಆಕಾಶವೆಲ್ಲ ಅರಿಶಿನ, ಹೊಲ ನೇರಳೆ. ಇವರಿಗೆ ಹುಚ್ಚು ಅಂದುಕೊಂಡೆ. ಆದರೆ ಸ್ವಲ್ಪ ಹೊತ್ತು ನಿಂತರೆ ಆ ಗುಡ್ಡದ ಬಿಸಿಲು ನಮ್ಮ ಮುಖಕ್ಕೇ ಹೊಡೆಯುತ್ತದೆ ಕಣ್ರೀ. ಪಕ್ಕದಲ್ಲೇ ಅವನ್ನು ನೋಡಿ ಮಕ್ಕಳು ಬರೆದ ಚಿತ್ರಗಳು. ಮೊದಲ ಬಹುಮಾನ ನಮ್ಮ ಪ್ರಣೀತನಿಗೆ: ನೇರಳೆ ಕಡಲು, ದಡದಲ್ಲಿ ಕೆಂಪು ಗರಿಯ ಖರ್ಜೂರದ ಮರ. ಇಷ್ಟು ಧೈರ್ಯ ದೊಡ್ಡವರಿಗೂ ಬರುವುದಿಲ್ಲ ಎಂದು ಚಿತ್ರಕಲೆಯ ಡೆಲ್ಮಾ ಟೀಚರ್ ಹೊಗಳಿದರು. ನಾನು ಬೀಗಿಕೊಂಡು, ಗರಿಗೆ ಕೆಂಪು ಬಳಿಯಲು ಹೇಗೆ ಹೊಳೆಯಿತು ಮರೀ ಎಂದು ಕೇಳಿದೆ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ. "ಬಟ್ ಅಜ್ಜಿ, ಇಟ್ಸ್ ಗ್ರೀನ್" ಎಂದ. ಟೀಚರ್ ಮುಖ ಬಿಳಿಚಿಕೊಂಡಿತು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಖಚಿತಪಡಿಸಿದರು. ಹುಡುಗನಿಗೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದ, ಎಷ್ಟೋ ಸಲ ತಾಯಿಯ ಅಪ್ಪನಿಂದ ಬರುತ್ತದಂತೆ. ನಮ್ಮ ಮನೆಯಲ್ಲಿ ಯಾರಿಗೂ ಹಾಗಿಲ್ಲ ಎಂದು ನಾನು ಡಾಕ್ಟರ ಜೊತೆ ಜಗಳಕ್ಕೇ ನಿಂತೆ. ಮಗನನ್ನು ಪೈಲಟ್ ಮಾಡಬೇಕೆಂದಿದ್ದ ಅಳಿಯ ಗುರುಕಿರಣ್ ಆ ಮಾತೆತ್ತುವುದನ್ನೇ ಬಿಟ್ಟಿದ್ದಾರೆ, ಶ್ರಾವಣಿ ತನ್ನಿಂದಲೇ ಹೀಗಾಯಿತೆಂದು ಅಳುತ್ತಾಳೆ. ಅದೆಲ್ಲ ಹೇಗೋ ಸರಿಹೋದೀತು. ಆದರೆ ಪ್ರಣೀತ ಬಹುಮಾನವನ್ನು ಟೀಚರಿಗೇ ವಾಪಸ್ಸು ಕೊಟ್ಟ, ತಾನೇನೂ ಧೈರ್ಯ ಮಾಡಿರಲಿಲ್ಲ ಎಂದನಂತೆ. ಬಣ್ಣದ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ್ದ, ನಾನು ಎತ್ತಿಟ್ಟಿದ್ದೇನೆ. ಯಾರು ಎಷ್ಟು ಹೇಳಿದರೂ ಮಗು ಕುಂಚ ಮುಟ್ಟುತ್ತಿಲ್ಲ.

ಗ್ಯಾಸು, ಗೇಟಿನ ಬೀಗ ನೋಡಿಕೊಳ್ಳಿ.

ಇತಿ ನಿಮ್ಮ
ಕಾವೇರಮ್ಮ

ತಾ.ಕ.: ಕಾಗದ ಮಡಿಚಿದ ಮೇಲೆ ಹೊಳೆಯಿತು. ಮಾರ್ಕೆಟ್ಟಿನಿಂದ ಕಾಯಿ ಟೊಮೇಟೊ ತಂದು ಹಣ್ಣು ಅನ್ನುತ್ತಿದ್ದಿರಲ್ಲ. ಧಾರೆಯ ದಿನ ನಾನು ಉಟ್ಟಿದ್ದು ಕೆಂಪು ಸೀರೆ ರೀ. ಹಸಿರು ಸೀರೆಯಲ್ಲಿ ಇವಳನ್ನು ನೋಡಬೇಕಿತ್ತು ಎಂದು ನೀವು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತೀರಿ, ಮರೆವು ಎಂದು ನಾನು ನಗುತ್ತಿದ್ದೆ. ನಿಮಗೆ ಗೊತ್ತಿತ್ತೋ ಇಲ್ಲವೋ, ಕೇಳುವುದಿಲ್ಲ. ಇದು ಕೈ ಸೇರಿದ ಕೂಡಲೇ ಪ್ರಣೀತನಿಗೆ ಫೋನ್ ಮಾಡಿ. ಆ ಸೀರೆಯ ಮಾತಿನಿಂದಲೇ ಶುರುಮಾಡಿ.