ತೊಟ್ಟಿಲುಪಟ್ಟಿ ಓದಿದವಳು

ತಪಸ್ಸುಕಾಲದ ಐವತ್ತೊಂದನೆಯ ದಿನ, ಕ್ರಿ.ಶ. ೨೨೧೪

ಪೂಜ್ಯ ಅಂತೋಣಮ್ಮನವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಬ್ರಿಜಿತಮ್ಮ ಮಾಡುವ ನಮಸ್ಕಾರಗಳು. ಯೇಸುವಿನ ಉಪವಾಸದಂತೆ ತಪಸ್ಸುಕಾಲವೂ ನಲವತ್ತೇ ದಿನವಲ್ಲವೇ ಎಂದು ನೀವು ಹುಬ್ಬೇರಿಸಬಹುದು. ಬೇಸಿಗೆ ಬೆಳೆದಂತೆ ನಮ್ಮವರು ಅದನ್ನೂ ಅರವತ್ತು ದಿನಕ್ಕೆ ಬೆಳೆಸಿದರು. ಇಲ್ಲಿನ ಕೆಲವು ಮಾತುಗಳು ನಿಮ್ಮ ನಂತರ ಹುಟ್ಟಿದವು, ವಿಚಿತ್ರವೆನಿಸಿದರೆ ಕ್ಷಮಿಸಿ.

ಊರಿನ ಬಸುರಿಯರ ಸುಖಪ್ರಸವಕ್ಕಾಗಿ ಪ್ರಾರ್ಥಿಸಲು ನೀವು ಅವರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಿರಂತೆ. ಪ್ರೀತಿಯಿಂದಲೇ ಬರೆದಿರಿ. ನಮ್ಮ ಕಾಲಕ್ಕೆ ಅದು ತೊಟ್ಟಿಲುಪಟ್ಟಿಯಾಗಿದೆ. ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದುತ್ತಾರೆ. ಗರ್ಭ ತೆಗೆಸಿಕೊಂಡವಳ ಹೆಸರಿನ ಬಳಿ ಓದುವವರು ನಿಲ್ಲಿಸುತ್ತಾರೆ. ಜನರೆಲ್ಲ ಅವಳಿಗೆ ಬೆನ್ನು ತಿರುಗಿಸುತ್ತಾರೆ. ಅಲ್ಲಿಂದ ನಲವತ್ತು ದಿನ ಬೆನ್ನುವ್ರತ: ಯಾರೂ ಅವಳೊಡನೆ ಮಾತಾಡುವಂತಿಲ್ಲ, ನೀರು ಕೊಡುವಂತಿಲ್ಲ. ಮೂವತ್ತು ವರ್ಷ ಆ ಪಟ್ಟಿ ಓದಿದವಳು ನಾನು.

ಇಪ್ಪತ್ತು ವರ್ಷದ ಹಿಂದೆ ನನ್ನ ತಂಗಿ ಜಸಿಂತಳ ಹೆಸರಿನ ಬಳಿಯೂ ನಿಲ್ಲಿಸಿದೆ. ಗರ್ಭ ಏಕೆ ತೆಗೆಸಿಕೊಂಡೆ ಎಂದು ಅವಳನ್ನು ಕೇಳಿರಲಿಲ್ಲ. ಇಂದಿಗೂ ನನಗೆ ತಿಳಿಯದು. ಎಲ್ಲರೂ ತಿರುಗಿದರು, ಅವಳ ಗಂಡನೂ; ಅವನು ಮತ್ತೆ ಆ ಮನೆಗೆ ಕಾಲಿಡಲಿಲ್ಲ. ನಮ್ಮ ಗುರು ರಾಯಪ್ಪ ಸ್ವಾಮಿಗಳು ಮಾತ್ರ ಪೀಠದಿಂದ ಇಳಿದು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಇದು ಪಾಪ ಅಲ್ವಾ ಸ್ವಾಮಿ?" ಎಂದು ಆಮೇಲೆ ಅವರನ್ನು ತಡೆದು ಕೇಳಿದೆ.

"ಪಾಪಾನೇ ಕಣಮ್ಮ. ಜೀವ ದೇವರದು ಅಂತ ನಾನೂ ನಂಬ್ತೀನಿ. ಆದ್ರೆ ನನ್ ಪಾಪನ ಯಾರೂ ಮೈಕಲ್ಲಿ ಓದಿಲ್ವಲ್ಲ. ಅದಕ್ಕೇ ಸುಮ್ನಿದೀನಿ."

ಅವರು ದಿನವೂ ಅವಳಿಗೆ ಗಂಜಿ ಒಯ್ದರು. ಊರು ಅವರಿಗೂ ಬೆನ್ನು ತಿರುಗಿಸಿತು. ಎರಡು ಭಾನುವಾರ ಅವರ ಕೈಯಿಂದ ಪರಮಪ್ರಸಾದ ಸ್ವೀಕರಿಸಲು ಒಬ್ಬರೂ ಏಳಲಿಲ್ಲ. ಮೂರನೆಯ ವಾರ ಅವರನ್ನು ಊರು ಬಿಡಿಸಿದರು.

ಜಸಿಂತಳಿಗೆ ಜ್ವರ ಏರಿತು. ಅವಳ ಮಗಳು ವಿಮಲ, ಆರು ವರ್ಷದವಳು, ಕೊಡ ಹಿಡಿದು ನಲ್ಲಿಗೆ ಬಂದರೆ ಹೆಂಗಸರು ಅಟ್ಟುತ್ತಿದ್ದರು. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ.

"ಅಕ್ಕಾ, ಮೈ ಸುಡ್ತಿದೆ. ಒಂದ್ ಚೊಂಬು ನೀರು ಕೊಡೇ."

ನಾನು ಜಪಸರ ಹಿಡಿದು ದನಿ ಎತ್ತರಿಸಿದೆ. ಎರಡು ದಿನ ಅವಳು ಕರೆದಳು, ಎರಡು ದಿನ ನಾನು ಜಪಿಸಿದೆ. ಮೂರನೆಯ ಬೆಳಿಗ್ಗೆ ಗೋಡೆಯಾಚೆ ವಿಮಲಳ ಅಳು ಮಾತ್ರ ಕೇಳಿಸಿತು. ಮುಂದಿನ ಭಾನುವಾರವೂ ಪಟ್ಟಿ ಓದಿದೆ. ದನಿ ನಡುಗಲಿಲ್ಲವೆಂದು ಜನ ಮೆಚ್ಚಿದರು. ವಿಮಲಳನ್ನು ನಾನೇ ಸಾಕಿದೆ, ಅದಕ್ಕೂ ಹೊಗಳಿದರು.

ಈ ತಪಸ್ಸುಕಾಲದಲ್ಲಿ ವಿಮಲಳ ಹೆಸರು ಬಂತು. ನಿಲ್ಲಿಸುವ ಬದಲು ಪಟ್ಟಿಯನ್ನು ಪೀಠದ ಮೇಲಿಟ್ಟು ಹೊರನಡೆದೆ. ಈಗ ನನಗೂ ಬೆನ್ನುವ್ರತ. ಅವಳು ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ತಪ್ಪೆನ್ನಲು ನನಗೆ ಬಾಯಿಯೂ ಇಲ್ಲ. ಅಂತೋಣಮ್ಮನವರೇ, ನೀವು ಪ್ರಾರ್ಥಿಸಿ, ಬೇಡವೆನ್ನುವುದಿಲ್ಲ. ಆದರೆ ಹೆಸರು ಬರೆಯಬೇಡಿ.

ಒಂಬತ್ತು ದಿನದಿಂದ ಅವಳ ಮೆಟ್ಟಿಲ ಮೇಲೆ ಗಂಜಿ ಇಟ್ಟುಕೊಂಡು ಕುಳಿತಿದ್ದೇನೆ. ಬಾಗಿಲು ತಟ್ಟುವುದಿಲ್ಲ. ಇಂದು ಒಳಗಿನಿಂದ ಅವಳ ದನಿ ಬಂತು.

"ದೊಡ್ಡಮ್ಮ, ಅಮ್ಮ ನಿನ್ನ ಎಷ್ಟು ಸಲ ಕರೆದ್ಲು, ಗೊತ್ತಾ?"

"ಎಣಿಸಿಲ್ಲ ಮಗಳೇ."

"ನಾನು ಎಣಿಸಿದೀನಿ."

ಗಂಜಿ ಹಳಸಿದೆ, ಬೇರೆ ಮಾಡಿ ತರಬೇಕು. ಹೋಗಿಬರುತ್ತೇನೆ.