ಹಸು ಕೂಗಿದ್ದು ಬೆಳಿಗ್ಗೆ

ಮಲ್ಲತ್ತಹಳ್ಳಿ
೧೪-೭-೧೯೭೬

ನನ್ನ ತುಂಗಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ರಾಜಾಜಿನಗರದಲ್ಲಿ ಕೂತು ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ. ಹೈಸ್ಕೂಲಿನಲ್ಲಿ ನಿನ್ನ ಸಮಕ್ಕೆ ಹರಟುತ್ತಿದ್ದವಳಿಗೆ ಮದುವೆಯಾದ ಮೇಲೆ ಬಾಯಿಯೇ ಬಿದ್ದುಹೋಗಿದೆ.

‘ನಿಮ್ಮ ಊರಲ್ಲಿ ನಮ್ಮ ಯಜಮಾನರು ಎಲ್ಲಿ ತಪ್ಪಿದರು?’ ಎಂದು ನೀನು ಕೇಳಿದ್ದೆ. ತಪ್ಪು ನಿಮ್ಮ ಪದ್ಮನಾಭ ಡಾಕ್ಟರದ್ದಲ್ಲ ಕಣೇ. ಅವರು ಬರುವ ಮುಂಚೆ ಹಸುವಿಗೆ ಗಬ್ಬದ ಇಂಜೆಕ್ಷನ್ ಕೊಡಿಸಲು ಕೆಂಗೇರಿಯಿಂದ ಕಾಂಪೌಂಡರನ್ನು ಕರೆಸಬೇಕಿತ್ತು. ಐದು ರೂಪಾಯಿ, ಮೇಲೆ ಕಾಫಿ, ತಿಂಡಿ, ಉಪಚಾರ. ನಿಮ್ಮವರು ಬಂದು ಅರಳಿಕಟ್ಟೆಯ ಹತ್ತಿರ ಹಸು ಕಟ್ಟುವ ಕಂಬ ನೆಡಿಸಿ, ನೀವೇ ಹೊಡೆದುಕೊಂಡು ಬನ್ನಿ, ಒಂದೇ ರೂಪಾಯಿ ಎಂದರು. ಊರಿಗೆ ಊರೇ ಹಿಗ್ಗಿತು. ಬೆಳಿಗ್ಗೆ ಬೆದೆಗೆ ಬಂದದ್ದನ್ನು ಸಂಜೆಗೆ, ಸಂಜೆ ಬಂದದ್ದನ್ನು ಮಾರನೆಯ ಬೆಳಿಗ್ಗೆಗೆ ತರಬೇಕು, ತಡವಾದರೆ ಆ ರೂಪಾಯಿಯೂ ದಂಡ ಎಂದು ಮೀಟಿಂಗಿನಲ್ಲಿ ಬಿಡಿಸಿ ಹೇಳಿದರಂತೆ. ಮೀಟಿಂಗಿನಲ್ಲಿ ಕೂತಿದ್ದವರೆಲ್ಲ ಗಂಡಸರು. ದಿನವಿಡೀ ಕೊಟ್ಟಿಗೆಯಲ್ಲಿ ಇರುವವರು ನಾವು.

ನಮ್ಮ ಸೀಮೆಹಸು ಬೆಳಿಗ್ಗೆಯೇ ಕೂಗತೊಡಗಿತು, ಹುಲ್ಲು ಮುಟ್ಟಲಿಲ್ಲ. ನನಗೆ ತಿಳಿಯಿತು. ಅತ್ತೆ ಬದುಕಿದ್ದರೆ ಅವರ ಕಿವಿಗೆ ಹಾಕುತ್ತಿದ್ದೆ. ನಮ್ಮ ಮನೆಯವರು ಫ್ಯಾಕ್ಟರಿಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಮಾವ ಒಬ್ಬರೇ, ಅವರಿಗೋ ಕಿವಿ ಮಂದ. ಸೊಸೆಯಾದವಳು ಮಾವನೆದುರು ನಿಂತು ಹಸು ಬೆದೆಗೆ ಬಂದಿದೆ ಎಂದು ಹೇಗೆ ಹೇಳಲಿ? ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಕೂಗಿ ಹೇಳಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಸೆರಗು ಹೊದ್ದು ಜಗಲಿಯ ತನಕ ಹೋಗಿ, ಕಾಫಿ ಬೇಕೇ ಎಂದು ಕೇಳಿ ಬಂದೆ.

ಇವರು ಕತ್ತಲಾದ ಮೇಲೆ ಬಂದರು. ಆಗಲಾದರೂ ನಿಜ ಹೇಳಬಹುದಿತ್ತು. ಬೈಸಿಕೊಳ್ಳುವ ಹೆದರಿಕೆಗೆ, ಈಗ ತಾನೇ ಕೂಗಿತು ಎಂದುಬಿಟ್ಟೆ. ಮಾರನೆಯ ಬೆಳಿಗ್ಗೆ ಮಾವ ನಿಮ್ಮವರ ಹತ್ತಿರ, ‘ರಾತ್ರಿ ಕೂಗ್ತು ಸಾರ್’ ಎಂದು ಅದನ್ನೇ ಒಪ್ಪಿಸಿದರು. ಅವರು ನಂಬಿ ಇಂಜೆಕ್ಷನ್ ಕೊಟ್ಟರು. ಗಬ್ಬ ನಿಲ್ಲಲಿಲ್ಲ. ಮುಂದಿನ ಸಲವೂ ನಾನು ಹೀಗೇ ಮಾಡಿದೆ.

ಹೋದ ವಾರ ಊರಿನವರು ಗಬ್ಬ ಏಕೆ ನಿಲ್ಲುತ್ತಿಲ್ಲವೆಂದು ಡಾಕ್ಟರನ್ನು ನಿಲ್ಲಿಸಿ ಕೇಳುವಾಗ ಎಲ್ಲರಿಗಿಂತ ಜೋರು ನಮ್ಮ ಮಾವನದೇ. ‘ಒಂದ್ ರೂಪಾಯಿ ಇಂಜೆಕ್ಷನ್‌ನಾಗೆ ನೀರ್ ಬಿಟ್ರೆ ಇನ್ನೇನೈತೆ?’ ಎಂದರು. ನಿನ್ನ ಯಜಮಾನರು ತಲೆ ತಗ್ಗಿಸಿ ಇಂಜೆಕ್ಷನ್ ಪೆಟ್ಟಿಗೆ ಮುಚ್ಚಿಕೊಂಡರು. ನಾನು ಕೊಡ ಹಿಡಿದುಕೊಂಡು ಅಲ್ಲೇ ಇದ್ದೆ. ಈ ತಿಂಗಳು ಕಳೆದರೆ ಕಂಬ ಕಿತ್ತು ಬೇರೆ ಊರಿಗೆ ಒಯ್ಯುತ್ತಾರಂತೆ. ಬಾವಿಯ ಹತ್ತಿರ ಕೇಳಿದರೆ ಲಿಂಗಮ್ಮನ ಮನೆಯಲ್ಲೂ ಇದೇ ಕಥೆ. ಇಬ್ಬರೂ ನಕ್ಕೆವು. ಮನೆಗೆ ಬಂದ ಮೇಲೆ ನನಗೆ ನನ್ನ ಮುಖವೇ ಬೇಡವಾಯಿತು.

ನೀನೊಮ್ಮೆ ಬಾ ತುಂಗಾ. ಹೆಂಗಸರನ್ನು ಕೂರಿಸಿಕೊಂಡು ನೀನೇ ಮಾತಾಡು. ನಿಮ್ಮವರಿಗೂ ಇದನ್ನೆಲ್ಲ ಹೇಳು, ಯಾರು ಬರೆದರೆಂದು ಮಾತ್ರ ಹೇಳಬೇಡ.

ನಿನಗೆ ಮುಖ ತೋರಿಸಲಾರದ,
ನೀಲಮ್ಮ

ಮತ್ತೆ: ಹಸು ಇವತ್ತು ಬೆಳಿಗ್ಗೆಯಿಂದ ಕೂಗುತ್ತಿದೆ. ಮಾವ ಜಗಲಿಯ ಮೇಲೇ ಇದ್ದಾರೆ. ಅಂಚೆಡಬ್ಬಕ್ಕೆ ಹಾಕಿಬನ್ನಿ ಎಂದು ಈ ಕಾಗದವನ್ನು ಅವರ ಕೈಗೇ ಕೊಡುತ್ತೇನೆ. ಡಬ್ಬ ಇರುವುದು ಆ ಕಂಬದ ಪಕ್ಕದಲ್ಲೇ, ನಿಮ್ಮವರು ಸಂಜೆಯವರೆಗೂ ಅಲ್ಲೇ ಇರುತ್ತಾರೆ. ಮಾವ ಕಾಗದವೊಂದನ್ನೇ ಹಾಕಿ ವಾಪಸು ಬರುತ್ತಾರೆ, ಹಸು ಕೊಟ್ಟಿಗೆಯಲ್ಲೇ ಇರುತ್ತದೆ.