ನನ್ನ ರಕ್ತ ಬೇಡವೆಂದವಳು

ತಾರೀಖು ೯, ಭಾನುವಾರ

ಮಗನೇ,

ನಾನು ಚೆನ್ನಾಗಿದ್ದೇನೆ, ನಿನ್ನ ಹೆಂಡತಿಯೂ ಚೆನ್ನಾಗಿದ್ದಾಳೆ. ನಿನ್ನ ಮಗಳಂತೂ ಇಡೀ ವಾರ್ಡಿಗೆ ಕೇಳುವ ಹಾಗೆ ಅಳುತ್ತಾಳೆ. ಕಾಗದ ತಡವಾಯಿತು, ಬೈದುಕೋ. ಫೋನಿನಲ್ಲಿ ಎಲ್ಲ ಹೇಳಿದ್ದರೆ ನೀನು ಸೇತುವೆ ಕೆಲಸ ಬಿಟ್ಟು ಓಡಿಬರುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಹೆರಿಗೆಯಾದ ಮೇಲೆ ಅವಳಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. "ಈ ಗುಂಪಿನದು ಇದ್ದದ್ದು ಒಂದೇ ಬಾಟಲಿ, ಹಾಕಿದ್ದೀವಿ. ಇನ್ನೊಂದು ಬೇಗ ಬೇಕು" ಎಂದರು ಡಾಕ್ಟರು. ನನ್ನದೂ ಅದೇ ಗುಂಪು. ರವಿಕೆಯ ತೋಳು ಮೇಲೆ ಸರಿಸಿಕೊಂಡು ಹೊರಟೆ. ಪಕ್ಕದ ಮನೆಯ ಸೈಕಲ್ ರಿಪೇರಿಯವನು, ಅದೇ ನಮ್ಮ ಪಂಕ್ಚರ್, ಅಲ್ಲೇ ನಿಂತಿದ್ದ. "ನೋಡ್ರಪ್ಪಾ, ಅತ್ತೆ ಇಷ್ಟು ವರ್ಷ ಹೀರಿದ್ದನ್ನ ಸೊಸೆಗೆ ವಾಪಸ್ ಕೊಡ್ತಿದ್ದಾಳೆ!" ಎಂದ. ಅವಸರವಿತ್ತು, ಇಲ್ಲದಿದ್ದರೆ ಚಪ್ಪಲಿ ಬಿಚ್ಚುತ್ತಿದ್ದೆ.

ರಕ್ತನಿಧಿಯ ಹುಡುಗಿ, "ಈಚೆಗೆ ಜ್ವರ ಬಂದಿತ್ತಾ ಅಮ್ಮ?" ಎಂದು ಕೇಳಿದಳು. ಇಲ್ಲ ಎಂದೆ. ಸುಳ್ಳಲ್ಲ. ನಮ್ಮ ಬೀದಿಯಲ್ಲಿ ನಡುಕ ಬಂದರೆ ಕಂಬಳಿ ಹೊದೆಯುತ್ತೇವೆ, ಬೆವರು ಬಿಟ್ಟಮೇಲೆ ಎದ್ದು ಕೆಲಸಕ್ಕೆ ಹೋಗುತ್ತೇವೆ. ಅದನ್ನು ಯಾರು ಜ್ವರ ಅನ್ನುತ್ತಾರೆ? ಹಾಸಿಗೆ ಹಿಡಿದರೆ ತಾನೇ ಜ್ವರ! ಅವಳು ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಸಣ್ಣ ಪಟ್ಟಿಯ ಮೇಲೆ ಬಿಟ್ಟು ಕಾದಳು. ಒಂದು ಗೆರೆ ಇರಬೇಕಾದಲ್ಲಿ ಎರಡು ಮೂಡಿದವು.

"ನಿಮ್ಮ ರಕ್ತ ತಗೊಳ್ಳೋಕಾಗಲ್ಲ ಅಮ್ಮ. ಮಲೇರಿಯಾ ಇದೆ."

"ಅಲ್ಲೊಬ್ಬಳು ಸಾಯ್ತಾ ಬಿದ್ದಿದ್ದಾಳೆ, ನಿನಗೆ ಗೆರೆ ಎಣಿಸೋ ಚಟ! ಸೂಜಿ ಹಾಕ್ತೀಯೋ, ನಾನೇ ಹಾಕ್ಕೊಳ್ಳಲೋ?" ಎಂದು ಕೂಗಾಡಿದೆ.

ಅವಳು ದನಿ ಏರಿಸಲಿಲ್ಲ. "ಇದನ್ನ ಹಾಕಿದ್ರೆ ಅವರಿಗೂ ಆ ಜ್ವರ ಬರುತ್ತೆ. ಈಗಿರೋ ಮೈಯಲ್ಲಿ ತಡೀತಾರಾ? ನೀವೇ ಹೇಳಿ."

ಹೊರಗೆ ಹೋಗಿ ಪಂಕ್ಚರ್‌ನ ಕಾಲರು ಹಿಡಿದೆ.

"ಅಯ್ಯೋ ಅಕ್ಕಾ, ಸೂಜಿ ಕಂಡ್ರೆ ಬಿದ್ದುಹೋಗ್ತೀನಿ!"

"ಮಲಗಿಸ್ಕೊಂಡೇ ತೆಗೆಯೋದು ಕಣೋ, ಇನ್ನೆಲ್ಲಿಗೆ ಬೀಳ್ತೀಯ?"

ಅವನ ಗುಂಪು ಹೊಂದಿತು, ಪಟ್ಟಿಯಲ್ಲಿ ಒಂದೇ ಗೆರೆ. ಬೇರೆ ಪರೀಕ್ಷೆಗಳೂ ಮುಗಿದವು. ಸಂಜೆಗೆ ನಿನ್ನ ಹೆಂಡತಿ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಈಗ ಅವನು ದಿನಾ ಬಂದು "ನಮ್ಮ ಹುಡುಗಿ ಹೇಗಿದ್ದಾಳೆ?" ಅನ್ನುತ್ತಾನೆ, ನನ್ನ ಸೊಸೆಯನ್ನು ಅವನೇ ಹೆತ್ತ ಹಾಗೆ.

ನನಗೂ ಮಾತ್ರೆ ಕೊಟ್ಟಿದ್ದಾರೆ. ಕಹಿಯೆಂದರೆ ಕಹಿ, ನುಂಗುತ್ತಿದ್ದೇನೆ. ಬೀದಿಯಲ್ಲಿ ನಡುಗುವವರನ್ನೆಲ್ಲ ಎಳೆದುಕೊಂಡು ಹೋಗಿ ಬೆರಳು ಚುಚ್ಚಿಸುತ್ತಿದ್ದೇನೆ. ನನ್ನನ್ನು ಕಂಡರೆ ಕಂಬಳಿ ಬಚ್ಚಿಡುತ್ತಾರೆ.

ಹೊಟ್ಟೆ ತುಂಬ ಉಣ್ಣು, ಸೊಳ್ಳೆಪರದೆ ಕಟ್ಟಿಕೊಂಡು ಮಲಗು. ಹೆಂಡತಿ, ಮಗಳ ಜೊತೆ ನೂರು ಕಾಲ ಬಾಳು.

ನಿನ್ನ ಅಮ್ಮ

ತಾ.ಕ.: ನಿನಗಿಂತ ಮುಂಚೆ ನನಗೊಬ್ಬಳು ಮಗಳಿದ್ದಳು, ಗೊತ್ತಲ್ಲ. ಅವಳು ಮಹಡಿಯಿಂದ ಬಿದ್ದಾಗ ರಕ್ತ ಕೊಟ್ಟವಳು ನಾನು. ಗಾಯ ಮಾಯುತ್ತಿತ್ತು, ಎದ್ದು ಕೂತಿದ್ದಳು. ಆಮೇಲೆ ನಡುಕ ಬಂತು, ಹೋದಳು. ಆಗ ಯಾರೂ ಬೆರಳು ಚುಚ್ಚಿ ನೋಡುತ್ತಿರಲಿಲ್ಲ. ನಿನ್ನೆ ಆ ಹುಡುಗಿಯನ್ನು ಕೇಳಿಯೇಬಿಟ್ಟೆ: "ಅವತ್ತೂ ನನ್ನ ರಕ್ತದಲ್ಲಿ ಇದೇ ಇತ್ತೇನೇ?" "ಅದು ಇನ್ನು ಯಾರಿಗೂ ಗೊತ್ತಾಗಲ್ಲ ಅಮ್ಮ" ಎಂದು ಅವಳು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಸಾಲಿನಲ್ಲಿದ್ದವರು ಗೊಣಗಿದರು. ಅವಳು ಏಳಲಿಲ್ಲ.